ಭರಣಿಯಲ್ಲಿದ್ದ ಬ್ಲಾಕ್

ಮಳೆಗಾಲದಲ್ಲಿ ನಮ್ಮ ಬಚ್ಚಲ ಒಲೆ ಆರುವುದೇ ಇಲ್ಲ. ಸಂಜೆ ಕೆಂಡದಲ್ಲಿ ಹಲಸಿನ ಬೇಳೆ ಹೂತು ಮಕ್ಕಳು ಸುತ್ತ ಕೂತರೆಂದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, “ಬ್ಲಾಕ್ ಹುಡುಕಿದ ಕಥೆ ಹೇಳಿ.” ಅವರಿಗೆ ಅದರಲ್ಲಿ ಇಷ್ಟವಾದದ್ದು ಮಳೆ, ಬಸ್ಸು, ಮೂಡುಬಿದಿರೆಯ ಮನೆಯ ಭರಣಿ. ನನಗೆ ಮುಖ್ಯವಾದದ್ದು ಬೇರೆ. ಹಾಗಾಗಿ ಈ ಸಲ ಮಕ್ಕಳಿಗೆ ಹೇಳುವಾಗ ಬಿಟ್ಟುಬಿಡುವ ಸಂಗತಿಗಳನ್ನೂ ಸೇರಿಸಿ, ದೊಡ್ಡವರಿಗೂ ಆಗುವ ಹಾಗೆ ಹೇಳುತ್ತೇನೆ.

ಅಕ್ಕನ ಮನೆ ಬಂಟ್ವಾಳ ತಾಲೂಕಿನ ವಗ್ಗದಿಂದ ಸ್ವಲ್ಪ ಒಳಗೆ. ನನ್ನದು ಬೆಳ್ತಂಗಡಿ, ಗುರುವಾಯನಕೆರೆಯ ಬದಿ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಅಕ್ಕನ ಮಗಳನ್ನು ಕೊಟ್ಟದ್ದು ಮೂಡುಬಿದಿರೆಗೆ. ಅಕ್ಕ ಮದುವೆಯಾಗಿ ಹೋದ ವರ್ಷದಿಂದಲೇ ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ತಡ್ಪೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಮಾತು ಎಲ್ಲಿಗೆ ಹೋದರೂ ಬೆರಳು ನಿಲ್ಲುತ್ತಿರಲಿಲ್ಲ. ಮಕ್ಕಳ ಓದು, ಮಗಳ ಮದುವೆ, ಮನೆಯ ಹಂಚು, ಎಲ್ಲದರಲ್ಲೂ ಆ ಬೀಡಿಯ ಹಣ ಉಂಟು.

ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ್ದು 2019ರ ಬೇಸಿಗೆಯಲ್ಲಿ. ನೋವಿಲ್ಲವೆಂದು ಯಾರಿಗೂ ಹೇಳಲಿಲ್ಲ. ಮಳೆ ಹಿಡಿದ ಮೇಲೆ ಮಗಳ ಹತ್ತಿರ ಬಾಯಿಬಿಟ್ಟಳು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಕೀಮೋ ಆಯಿತು, ಕೂದಲು ಹೋಗಿ ಪುನಃ ಬಂತು. ಕೊರೊನಾ ಕಾಲವನ್ನೂ ಹೇಗೋ ದಾಟಿದಳು. ಇನ್ನು ಭಯವಿಲ್ಲ ಎಂದು ನಾವೆಲ್ಲ ನಿರಾಳವಾಗಿದ್ದಾಗ, 2022ರ ಜೂನ್ ತಿಂಗಳಲ್ಲಿ, ಬಲಗಡೆ ಪಕ್ಕೆಯ ಕೆಳಗೆ ಏನೋ ಭಾರ ಎಂದಳು. ಸ್ಕ್ಯಾನಿನಲ್ಲಿ ಯಕೃತ್ತಿನ ತುಂಬ ಕಲೆಗಳು ಕಂಡವು.

ಈ ಸಲ ತೋರಿಸಿದ್ದು ಬೇರೆ ಡಾಕ್ಟರಿಗೆ. ಸಣ್ಣ ಪ್ರಾಯದ ಹೆಂಗಸು. ಹಳೆಯ ಫೈಲನ್ನು ಮೊದಲ ಹಾಳೆಯಿಂದ ಓದತೊಡಗಿದರು. ಹೊರಗೆ ರೋಗಿಗಳ ಸಾಲು ಬೆಳೆಯುತ್ತಿದ್ದರೂ ಅವರು ಹಾಳೆ ಹಾರಿಸಲಿಲ್ಲ. ಒಂದು ಕಡೆ ಬೆರಳಿಟ್ಟು ನಿಂತರು.

“ಇಲ್ಲಿ ನೋಡಿ ಸರ್. ಹರ್-ಟು, ಎರಡು ಪ್ಲಸ್. ಕೆಳಗೆ ಫಿಶ್ ಪರೀಕ್ಷೆ ಮಾಡಿಸಿ ಅಂತ ಬರೆದಿದ್ದಾರೆ. ಮಾಡಿಸಿದ್ದೀರಾ?”

ನಾನು ಭಾವನ ಮುಖ ನೋಡಿದೆ. ಭಾವ ಅಕ್ಕನ ಮುಖ ನೋಡಿದರು. ಯಾರೂ ಮಾಡಿಸಿರಲಿಲ್ಲ. ಮಾಡಿಸಬೇಕೆಂದು ಆಗ ನಮಗೆ ಹೇಳಿದವರೂ ಇರಲಿಲ್ಲ. ಆ ಒಂದು ಸಾಲು ಫೈಲಿನೊಳಗೆ ಮೂರು ವರ್ಷ ಹಾಗೆಯೇ ಬಿದ್ದಿತ್ತು.

ಹರ್-ಟು ಎಂದರೆ ಕೋಶದ ಹೊರಮೈಯಲ್ಲಿ ಇರುವ ಒಂದು ಪ್ರೋಟೀನ್. ಬೆಳೆಯುವುದಕ್ಕೂ ಒಡೆದು ಎರಡಾಗುವುದಕ್ಕೂ ಬೇಕಾದ ಸೂಚನೆಯನ್ನು ಒಳಗೆ ಮುಟ್ಟಿಸುವುದು ಅದರ ಕೆಲಸ. ಎಲ್ಲರ ಮೈಯಲ್ಲೂ ಸ್ವಲ್ಪ ಉಂಟು. ಸ್ತನ ಕ್ಯಾನ್ಸರ್ ಆದ ನೂರು ಮಂದಿಯಲ್ಲಿ 15ರಿಂದ 20 ಮಂದಿಗೆ, 17ನೇ ಕ್ರೋಮೊಸೋಮಿನಲ್ಲಿರುವ ಅದರ ಜೀನ್ ಅನೇಕ ಪ್ರತಿಗಳಾಗಿ ಹೆಚ್ಚಿಕೊಂಡು, ಕ್ಯಾನ್ಸರ್ ಕೋಶದ ಮೈತುಂಬ ಆ ಪ್ರೋಟೀನೇ ಆಗಿಬಿಡುತ್ತದೆ. ಅಂಥ ಕ್ಯಾನ್ಸರ್ ಬೇಗ ಮರಳುತ್ತದೆ ಎಂದು ಲಾಸ್ ಏಂಜಲೀಸಿನ ಡೆನ್ನಿಸ್ ಸ್ಲೇಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿಕೊಟ್ಟರು. ಬಣ್ಣ ಹಾಕಿ ನೋಡುವ ಪರೀಕ್ಷೆಯಲ್ಲಿ ಸೊನ್ನೆಯೋ ಒಂದು ಪ್ಲಸ್ಸೋ ಬಂದರೆ ಇಲ್ಲವೆಂದು, ಮೂರು ಬಂದರೆ ಉಂಟೆಂದು ಲೆಕ್ಕ. ಎರಡು ಬಂದರೆ ಹೇಳಲಾಗದು, ಜೀನನ್ನೇ ಎಣಿಸಬೇಕು. ಆ ಎಣಿಕೆಯೇ ಫಿಶ್. ಸೂಕ್ಷ್ಮದರ್ಶಕದಡಿ ಹೊಳೆಯುವ ಚುಕ್ಕಿಗಳನ್ನು ಒಂದೊಂದು ಕೋಶದಲ್ಲೂ ಲೆಕ್ಕ ಹಾಕುತ್ತಾರೆ.

“ಯಕೃತ್ತಿಗೆ ಈಗಲೇ ಸೂಜಿ ಹಾಕುವುದು ಬೇಡ, ಕಲೆ ಇರುವ ಜಾಗ ಒಳ್ಳೆಯದಲ್ಲ” ಎಂದರು ಡಾಕ್ಟರು. “ಹಳೆಯ ಆಪರೇಷನ್ನಿನ ಬ್ಲಾಕ್ ಇದ್ದರೆ ಅದರಲ್ಲೇ ನೋಡಬಹುದು. ಬ್ಲಾಕ್ ತನ್ನಿ.”

ಬ್ಲಾಕ್ ಎಂದರೇನೆಂದು ಅಕ್ಕನಿಗೆ ಗೊತ್ತಿರಲಿಲ್ಲ. ಆಪರೇಷನ್ನಿನಲ್ಲಿ ತೆಗೆದ ಗಂಟಿನ ಚೂರುಗಳನ್ನು ಮೇಣದಲ್ಲಿ ಹುದುಗಿಸಿ ಇಡುತ್ತಾರೆ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಬೆಳ್ಳಗಿನ ಮೇಣ, ಮೇಣದ ನಡುವೆ ಕಂದು ಬಣ್ಣದ, ಉಗುರಿನಷ್ಟು ಅಗಲದ ಒಂದು ಕಲೆ. ಬದಿಯಲ್ಲಿ ಒಂದು ನಂಬರು. ಹಾಳಾಗದಂತೆ ಇಟ್ಟರೆ ವರ್ಷಗಟ್ಟಲೆ ಇರುತ್ತದೆ. ಬೇಕಾದಾಗ ಕೂದಲಿಗಿಂತ ತೆಳ್ಳಗೆ ಕತ್ತರಿಸಿ ಪುನಃ ಪುನಃ ಪರೀಕ್ಷೆ ಮಾಡಬಹುದು. ರೋಗ ಏನೆಂದು ಹೇಳಬಲ್ಲ ಸಾಕ್ಷಿ ಆಗ ನಮಗೆ ಅದೊಂದೇ.

ಮೊದಲ ಆಸ್ಪತ್ರೆಯ ಲ್ಯಾಬಿಗೆ ಹೋದೆವು. ಅವರು ರಿಜಿಸ್ಟರ್ ತೆಗೆದು ತೋರಿಸಿದರು: 2019ರಲ್ಲೇ ಬ್ಲಾಕನ್ನು ಮನೆಯವರಿಗೆ ಕೊಟ್ಟಾಗಿದೆ, ಸಹಿಯೂ ಉಂಟು. ಸಹಿ ಭಾವನದ್ದು. ಭಾವನಿಗೆ ನೆನಪಿಲ್ಲ. ಹೆಂಡತಿಯನ್ನು ಆಪರೇಷನ್ನಿಗೆ ಒಳಗೆ ಕಳಿಸಿ ವಾರಗಟ್ಟಲೆ ಕಾರಿಡಾರಿನಲ್ಲಿ ಕಾದ ಮನುಷ್ಯ ಯಾವ ಕಾಗದಕ್ಕೆ ಸಹಿ ಹಾಕಿದ್ದೆಂದು ಹೇಗೆ ನೆನಪಿಟ್ಟುಕೊಳ್ಳಬೇಕು?

ಮರುದಿನ ಬೆಳಿಗ್ಗೆ ನಾನು ಬೆಳ್ತಂಗಡಿಯಿಂದ ಹೊರಟೆ. ಆಟಿ ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು. ಪಾಲೆಮರದ ತೊಗಟೆಗೆ ಹೋಗುವವರು ಮರ ಗುರುತು ಮಾಡಿಡುವ ಹೊತ್ತು. ಪುಂಜಾಲಕಟ್ಟೆ ದಾಟುವಾಗ ಮಳೆ ಎಷ್ಟು ಜೋರೆಂದರೆ ಡ್ರೈವರು ಬಸ್ಸು ನಿಲ್ಲಿಸಿ ಕಾದ. ವಗ್ಗದಲ್ಲಿ ಇಳಿದು, ತೋಟದ ಸಂಕ ದಾಟಿ ಅಕ್ಕನ ಮನೆ ಸೇರುವಷ್ಟರಲ್ಲಿ ಕೊಡೆ ಇದ್ದೂ ಇಲ್ಲದ ಹಾಗಾಗಿತ್ತು.

ಕಬ್ಬಿಣದ ಪೆಟ್ಟಿಗೆ ತೆಗೆದೆವು. ಬೀಡಿ ಕಾರ್ಡು, ಪಿ.ಎಫ್. ಕಾಗದ, ರೇಷನ್ ಕಾರ್ಡು, ಭೂಮಿಯ ಆರ್‌ಟಿಸಿ, ಮಕ್ಕಳ ಹಳೆಯ ಮಾರ್ಕ್ಸ್ ಕಾರ್ಡು. ಎಕ್ಸ್‌ರೇಗಳು ಇದ್ದವು, ಕೀಮೋದ ಬಿಲ್ಲುಗಳು ಒಂದೂ ತಪ್ಪದೆ ಇದ್ದವು. ಬ್ಲಾಕ್ ಮಾತ್ರ ಇಲ್ಲ. ಅಕ್ಕ ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದಳು.

“ಅದು ಸಿಗದಿದ್ದರೆ ಮದ್ದಿಲ್ವಾ ತಮ್ಮ?”

“ಮದ್ದುಂಟು ಅಕ್ಕ. ಯಾವ ಮದ್ದು ಅಂತ ಗೊತ್ತಾಗ್ಬೇಕಲ್ಲ.”

ಅಷ್ಟರಲ್ಲಿ ಭಾವ ಹಟ್ಟಿಯ ಕಡೆಯಿಂದ ಬಂದವರು ಬಾಗಿಲಲ್ಲೇ ನಿಂತು, “ಆ ಮೇಣದ ತುಂಡಾ ನೀವು ಹುಡುಕುವುದು?” ಎಂದರು. “ಅದನ್ನು ಮಗಳು ಕೊಂಡುಹೋಗಿದ್ದಾಳಲ್ಲ, ಮೂಡುಬಿದಿರೆಗೆ. ಬೇರೆ ಯಾವುದೋ ಡಾಕ್ಟರಿಗೆ ತೋರಿಸ್ತೇನೆ ಅಂತ.”

ಮಗಳಿಗೆ ಫೋನ್ ಮಾಡಿದರೆ ಸಿಗ್ನಲ್ ಇಲ್ಲ. ಬಂಟ್ವಾಳಕ್ಕೆ ಹೋಗಿ ಸಿದ್ಧಕಟ್ಟೆ ಮಾರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಮೇಣದ ತುಂಡು, ಮೂರು ಬೇಸಿಗೆ ಕಳೆದಿದೆ, ಹಂಚಿನ ಮಾಡಿನ ಕೆಳಗೆ ಎಲ್ಲಾದರೂ ಇಟ್ಟಿದ್ದರೆ ಕರಗಿಹೋಗಿರಬೇಕು.

ಮೂಡುಬಿದಿರೆಯಲ್ಲಿ ಸೊಸೆ, ಅಂದರೆ ಅಕ್ಕನ ಮಗಳು, ಬಾಗಿಲು ತೆಗೆದವಳೇ ನನ್ನ ಒದ್ದೆ ಅಂಗಿ ನೋಡಿ ಗಾಬರಿಯಾದಳು. ವಿಷಯ ಹೇಳಿದೆ. ಕಪಾಟಿನ ಬಟ್ಟೆ ಎಲ್ಲ ಹೊರಗೆ ಬಂತು. ಬ್ಯಾಗುಗಳನ್ನು ಮಗುಚಿದಳು. ಟಿ.ವಿ. ಇಟ್ಟ ಮೇಜಿನ ಡ್ರಾಯರುಗಳನ್ನು ನೆಲಕ್ಕೆ ಸುರಿದಳು. “ಇಲ್ಲೇ ಇಟ್ಟಿದ್ದೆ ಮಾವ, ಇಲ್ಲೇ ಇಟ್ಟಿದ್ದೆ” ಎನ್ನುತ್ತಾ ಅಳುವುದಕ್ಕೇ ಸುರುಮಾಡಿದಳು.

ಅವಳ ಅತ್ತೆ ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮೆಲ್ಲಗೆ ಕೇಳಿದರು, “ಬೆಳ್ಳಗೆ, ಕ್ಯಾಂಡಲಿನ ಹಾಗಿದ್ದದ್ದಾ ಮಾಷ್ಟ್ರೇ? ನಂಬರು ಬರೆದದ್ದು?”

ಒಳಕೋಣೆಯ ಮೂಲೆಯಲ್ಲಿ, ನೆಲದ ತಂಪು ತಾಗುವ ಕಡೆ, ಖಾಲಿ ಉಪ್ಪಿನಕಾಯಿ ಭರಣಿ ಇತ್ತು. ಬಾಯಿಗೆ ಬಟ್ಟೆ ಬಿಗಿದು ಕಟ್ಟಿದ್ದರು. ಒಳಗೆ ಪ್ಲಾಸ್ಟಿಕ್ ತೊಟ್ಟೆ, ತೊಟ್ಟೆಯೊಳಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಬ್ಲಾಕ್. “ಬೀಗತಿಯ ಮೈಯದ್ದಂತೆ, ಬಿಸಿ ತಾಗಬಾರದಂತೆ ಅಂತ ಇವಳು ಆವತ್ತು ಹೇಳಿದ್ಲು. ಬೇಸಿಗೆಯಲ್ಲಿ ಮೇಲೆ ಇಟ್ಟರೆ ಕರಗ್ತದೆ ಅಂತ ನಾನೇ ಇಲ್ಲಿ ಇಟ್ಟೆ” ಎಂದರು. ಮೇಣದ ಅಂಚು ಕೂಡ ಜಾರಿರಲಿಲ್ಲ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಆ ಹೆಂಗಸಿನ ಕೈಯಲ್ಲಿ ನನ್ನ ಅಕ್ಕನ ಮುಂದಿನ ವರ್ಷಗಳು ಜೋಪಾನವಾಗಿ ಉಳಿದಿದ್ದವು. ನಾನು ಅವರ ಕಾಲು ಮುಟ್ಟಿ ನಮಸ್ಕರಿಸಿದೆ. ಅವರಿಗೆ ಯಾಕೆಂದು ತಿಳಿಯಲಿಲ್ಲ.

ಕೈಕಂಬ, ಗುರುಪುರದ ಮಾರ್ಗವಾಗಿ ಅದೇ ಸಂಜೆ ಮಂಗಳೂರಿಗೆ ಮುಟ್ಟಿಸಿದೆ. ಅಲ್ಲಿಂದ ಅದು ಬೆಂಗಳೂರಿನ ಲ್ಯಾಬಿಗೆ ಹೋಯಿತು. ಉತ್ತರ ಬಂತು: ಜೀನ್ ಹೆಚ್ಚಿದೆ. ಅಕ್ಕನದ್ದು ಹರ್-ಟು ಕ್ಯಾನ್ಸರೇ.

ಆ ಉತ್ತರ ಬಂದದ್ದೇ ದಾರಿ ಬದಲಾಯಿತು. ಕೀಮೋದೊಂದಿಗೆ ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯ ಕೊಡಲು ಸುರುಮಾಡಿದರು. ಪ್ರತಿಕಾಯ, ಅಂದರೆ ಆಂಟಿಬಾಡಿ, ನಮ್ಮ ಮೈ ರೋಗಾಣುಗಳನ್ನು ಹಿಡಿಯಲು ತಾನೇ ಮಾಡಿಕೊಳ್ಳುವಂಥ ಪ್ರೋಟೀನ್. ಒಂದೇ ಗುರಿಗೆ ಅಂಟುವ, ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸುವ ವಿಧಾನವನ್ನು ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ 1975ರಲ್ಲಿ ಕಂಡುಹಿಡಿದರು, 1984ರಲ್ಲಿ ಅದಕ್ಕೆ ನೊಬೆಲ್ ಬಂತು. ಹರ್-ಟುವನ್ನೇ ಹಿಡಿಯುವ ಟ್ರಾಸ್ಟುಜುಮ್ಯಾಬ್ ಅಮೆರಿಕದಲ್ಲಿ ಮಂಜೂರಾದದ್ದು 1998ರಲ್ಲಿ. ಆಗ ಅದು ನಮ್ಮಂಥವರ ಕೈಗೆಟಕುವ ವಸ್ತು ಆಗಿರಲಿಲ್ಲ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದರ ಸಮರೂಪವನ್ನು ಕ್ಯಾನ್‌ಮ್ಯಾಬ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು, ಅನಂತರ ಬೇರೆ ಕಂಪನಿಗಳೂ ಬಂದವು. ಬೀಡಿ ಕಟ್ಟುವವಳ ತೋಳಿಗೆ ಆ ಮದ್ದು ಹೋದದ್ದು ಅದರಿಂದಲೇ.

ಯಕೃತ್ತಿನ ಕಲೆಗಳು ಕುಗ್ಗಿದವು. ಅಕ್ಕ ಪುನಃ ತಡ್ಪೆ ಹಿಡಿದಳು. ಬೇಡವೆಂದರೆ ಕೇಳುವವಳಲ್ಲ. 2024ರ ಜನವರಿಯ ಸ್ಕ್ಯಾನಿನಲ್ಲಿ ಎರಡು ಕಲೆ ಮತ್ತೆ ದೊಡ್ಡದಾಗಿದ್ದವು. ಆಗ ಡಾಕ್ಟರು ಈ ಕಥೆಯ ಮುಖ್ಯ ಮದ್ದಿನ ಹೆಸರು ಹೇಳಿದರು: ಟ್ರಾಸ್ಟುಜುಮ್ಯಾಬ್ ಎಮ್ಟಾನ್ಸಿನ್.

ಹೆಸರಿನ ಮೊದಲ ಭಾಗ ನಮಗೆ ಗೊತ್ತಿದ್ದ ಪ್ರತಿಕಾಯವೇ. ಹಿಂದಿನ ಭಾಗದಲ್ಲಿ ಇರುವುದು ವಿಷ. ಎರಡನ್ನೂ ಹಿಡಿದಿಡುವ ರಾಸಾಯನಿಕ ಕೊಂಡಿ ನಡುವೆ. ಆಂಟಿಬಾಡಿ-ಡ್ರಗ್ ಕಾಂಜುಗೇಟ್ ಎಂದು ಇಂಥವನ್ನು ಕರೆಯುತ್ತಾರೆ, ಡಾಕ್ಟರುಗಳ ಬಾಯಲ್ಲಿ ಎ.ಡಿ.ಸಿ. ಭಾವನಿಗೆ ನಾನು ತೋಟದ ಮಾತಿನಲ್ಲಿ ಹೇಳಿದೆ: ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವಾಗ ಆಳು ಮರ ಹತ್ತಿ ಗೊನೆಯ ಮುಂದೆ ನಿಂತೇ ಪೈಪಿನ ಬಾಯಿ ಬಿಡುತ್ತಾನೆ, ಇಡೀ ತೋಟದ ಮೇಲೆ, ಬಾವಿಯ ಮೇಲೆ, ಬಸಳೆ ಚಪ್ಪರದ ಮೇಲೆ ಸುರಿಯುವುದಿಲ್ಲ, ಇದೂ ಹಾಗೆ, ಕೋಶದ ಹತ್ತಿರ ಹೋಗಿಯೇ ಬಿಡುವ ಮದ್ದು. ಭಾವನಿಗೆ ಕೂಡಲೇ ಅರ್ಥವಾಯಿತು. “ಹಾಗಾದರೆ ಬಿಸಿಲು ನೋಡಿ ಬಿಡ್ಬೇಕಾ?” ಎಂದು ಗಂಭೀರವಾಗಿಯೇ ಕೇಳಿದರು.

ಒಳಗಿನ ಕೆಲಸ ನಡೆಯುವುದು ಹೀಗೆ. ಪ್ರತಿಕಾಯ ರಕ್ತದಲ್ಲಿ ತೇಲುತ್ತಾ ಹೋಗಿ ಹರ್-ಟುವಿಗೆ ಅಂಟುತ್ತದೆ. ಕೋಶ ಅದನ್ನು ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ, ಹಳೆಯ ಪ್ರೋಟೀನುಗಳನ್ನು ಅರಗಿಸುವ ಲೈಸೋಸೋಮಿನಲ್ಲಿ, ಪ್ರತಿಕಾಯ ಕರಗಿಹೋಗಿ ವಿಷ ಹೊರಬೀಳುತ್ತದೆ. ಕೋಶ ಒಡೆದು ಎರಡಾಗಲು ಬೇಕಾದ ಸೂಕ್ಷ್ಮನಾಳಗಳನ್ನು ಆ ವಿಷ ಕಟ್ಟಲು ಬಿಡುವುದಿಲ್ಲ. ಒಡೆಯಲು ಹೊರಟ ಕೋಶ ಅರ್ಧದಲ್ಲಿ ಸಿಕ್ಕಿಕೊಂಡು ಸಾಯುತ್ತದೆ. ಕೊಂಡಿ ರಕ್ತದಲ್ಲೇ ಬಿಚ್ಚಿಕೊಂಡರೆ ವಿಷ ಎಲ್ಲೆಲ್ಲೋ ಸುರಿದು ರೋಗಿಗೇ ಅಪಾಯ, ಬಿಚ್ಚಿಕೊಳ್ಳದೇ ಉಳಿದರೆ ಕೆಲಸವಿಲ್ಲ. ಈ ಮದ್ದುಗಳ ಚರಿತ್ರೆ ಬಹುಪಾಲು ಕೊಂಡಿಯದ್ದೇ ಚರಿತ್ರೆ. ಇವುಗಳಲ್ಲಿ ಮೊದಲು ಮಂಜೂರಾದ, ರಕ್ತದ ಕ್ಯಾನ್ಸರಿನ ಮೈಲೋಟಾರ್ಗ್ 2000ದಲ್ಲಿ ಬಂದು 2010ರಲ್ಲಿ ಹಿಂದೆ ಹೋಯಿತು. ಡೋಸ್ ಬದಲಿಸಿಕೊಂಡು 2017ರಲ್ಲಿ ಪುನಃ ಬಂತು.

ರೋಗಕ್ಕೆ ಮಾತ್ರ ತಾಗುವ ಮಾಯಾ ಗುಂಡು ಬೇಕೆಂದು ಜರ್ಮನಿಯ ಪೌಲ್ ಎರ್ಲಿಖ್ 20ನೇ ಶತಮಾನದ ಆರಂಭದಲ್ಲೇ ಬಯಸಿದ್ದರು. ಆ ಬಯಕೆ ನೆರವೇರಲು ಎಷ್ಟು ಕಾಲ ಹಿಡಿಯಿತೆಂದು ಅಕ್ಕನ ಮದ್ದಿನ ವಿಷವನ್ನೇ ನೋಡಿ ತಿಳಿಯಬಹುದು. ಅದರ ಮೂಲ ಮೇಟಾನ್ಸಿನ್. ಅಮೆರಿಕದ ಮಾರಿಸ್ ಕುಪ್ಚಾನ್ ಇಥಿಯೋಪಿಯಾದ ಮೇಟೆನಸ್ ಎಂಬ ಗಿಡದಿಂದ ಅದನ್ನು ಬೇರ್ಪಡಿಸಿ 1972ರಲ್ಲಿ ಪ್ರಕಟಿಸಿದರು. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದರಲ್ಲಿ ಅದು ಬಹಳ ಬಲವಾದದ್ದು, ಆದರೆ ಮನುಷ್ಯರಿಗೆ ಹಾಗೆಯೇ ಕೊಟ್ಟಾಗ ತಡೆದುಕೊಳ್ಳಲಾಗದಷ್ಟು ವಿಷ. ಬಿಟ್ಟುಬಿಟ್ಟರು. ಅದರ ರೂಪಾಂತರವೊಂದನ್ನು ಪ್ರತಿಕಾಯಕ್ಕೆ ಕಟ್ಟಿ ಕಳಿಸಿದ ಮದ್ದು ಮಂಜೂರಾದದ್ದು 2013ರಲ್ಲಿ. ಒಂದು ಪ್ರತಿಕಾಯಕ್ಕೆ ಸರಾಸರಿ ಮೂರೂವರೆ ಅಣು ವಿಷ. 2012ರಲ್ಲಿ ಪ್ರಕಟವಾದ ಎಮಿಲಿಯಾ ಪ್ರಯೋಗದಲ್ಲಿ ಆಗಿನ ರೂಢಿಯ ಮದ್ದು ತೆಗೆದುಕೊಂಡವರ ಬದುಕಿನ ಮಧ್ಯಮಾವಧಿ 25.1 ತಿಂಗಳಾದರೆ, ಇದನ್ನು ತೆಗೆದುಕೊಂಡವರದ್ದು 30.9. ಕೇವಲ ಆರು ತಿಂಗಳೇ ಎಂದು ಹೊರಗಿನವರು ಹೇಳಬಹುದು. ಮೊಮ್ಮಗಳನ್ನು ಬಾಲವಾಡಿಗೆ ಕೈಹಿಡಿದು ಬಿಟ್ಟು ಬರುವ ಆಸೆಯಲ್ಲಿದ್ದ ಅಕ್ಕನಿಗೆ ಆರು ತಿಂಗಳು ಎಂದರೆ ಏನೆಂದು ನಾನು ಕಂಡಿದ್ದೇನೆ.

ಗುಜರಾತಿನ ಝೈಡಸ್ ಕಂಪನಿ 2021ರಲ್ಲಿ ಇದರ ಸಮರೂಪವನ್ನು ಉಜ್ವಿರಾ ಎಂಬ ಹೆಸರಿನಲ್ಲಿ ತಂದಿತ್ತು, ಮೂಲ ಮದ್ದಿಗಿಂತ ಸುಮಾರು ಶೇಕಡಾ 80ರಷ್ಟು ಕಡಿಮೆ ಬೆಲೆಗೆ. ಆ ಕಡಿಮೆ ಬೆಲೆಯೂ ನಮಗೆ ದೊಡ್ಡದೇ. ನನ್ನ ಅಡಿಕೆ ಹೋಯಿತು, ಸೊಸೆಯ ಎರಡು ಬಳೆ ಹೋಯಿತು, ಸಂಘದ ಸಾಲ ಬಂತು. ಬೆಲೆ ಇಳಿದಿರದಿದ್ದರೆ ಇದಿಷ್ಟೂ ಸೇರಿ ಒಂದು ಡೋಸ್‌ಗೆ ಆಗುತ್ತಿತ್ತೋ ಇಲ್ಲವೋ.

ಮೊದಲ ಡೋಸ್ ಕೊಟ್ಟ ದಿನವನ್ನು ನಾನು ಮರೆಯುವುದಿಲ್ಲ. ಸಿಸ್ಟರ್ ಸೀಸೆ ತಂದು ಹೆಸರನ್ನು ಗಟ್ಟಿಯಾಗಿ ಓದಿದರು. ಇನ್ನೊಬ್ಬ ಸಿಸ್ಟರ್ ಚೀಟಿ ಹಿಡಿದು ಪುನಃ ಓದಿದರು. ಬರೀ ಟ್ರಾಸ್ಟುಜುಮ್ಯಾಬ್, ಟ್ರಾಸ್ಟುಜುಮ್ಯಾಬ್ ಎಮ್ಟಾನ್ಸಿನ್, ಎರಡಕ್ಕೂ ಹೆಸರಿನ ಅರ್ಧ ಒಂದೇ. ಅಳತೆ ಬೇರೆ ಬೇರೆ, ಅದಲು ಬದಲಾದರೆ ಪ್ರಾಣಕ್ಕೇ ಬರಬಹುದು. ಇದನ್ನು ಗ್ಲೂಕೋಸಿನಲ್ಲಿ ಬೆರೆಸುವ ಹಾಗಿಲ್ಲ, ಸಲೈನಿನಲ್ಲೇ ಕೊಡಬೇಕು ಎಂದೂ ಹೇಳಿದರು. ಮೊದಲ ಸಲ ಒಂದೂವರೆ ಗಂಟೆ ನಿಧಾನವಾಗಿ ಇಳಿಸಿದರು. ಅಕ್ಕನ ತೂಕ 50 ಕಿಲೋ; ಕಿಲೋಗೆ 3.6 ಮಿಲಿಗ್ರಾಂನಂತೆ 180 ಮಿಲಿಗ್ರಾಂ. ಪಾಠ ಮಾಡಿದ ಅಭ್ಯಾಸ, ನಾನು ಕೂತಲ್ಲೇ ಅಣುತೂಕದ ಲೆಕ್ಕ ಹಾಕಿದೆ. ಆ 180ರಲ್ಲಿ ಬಹುಪಾಲು ಪ್ರತಿಕಾಯದ ತೂಕ. ನಿಜವಾದ ವಿಷ ಮೂರು ಮಿಲಿಗ್ರಾಂ ಆಸುಪಾಸು. ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ಅಷ್ಟನ್ನು ಸರಿಯಾದ ಕೋಶಕ್ಕೆ ಮುಟ್ಟಿಸುವುದಕ್ಕೆ ಮನುಷ್ಯರು ಪಟ್ಟ ಪಾಡು ನೆನೆದು ನನಗೆ ಗಂಟಲು ಕಟ್ಟಿತು.

ಕೂದಲು ಈ ಸಲ ಹೋಗಲಿಲ್ಲ. ಅಕ್ಕನಿಗೆ ಅದು ದೊಡ್ಡ ಸಮಾಧಾನ, ಬೀಡಿ ಬ್ರಾಂಚಿಗೆ ಹೋದರೆ ಯಾರೂ ಕೇಳುವುದಿಲ್ಲ. ಹಾಗೆಂದು ಗುರಿ ಇಟ್ಟ ಮದ್ದಿಗೆ ಅಡ್ಡಪರಿಣಾಮವೇ ಇಲ್ಲ ಎನ್ನುವವರ ಮಾತು ನಂಬಬೇಡಿ. ಇದಕ್ಕೆ ಪ್ಲೇಟ್‌ಲೆಟ್ ಇಳಿಸುವ ಗುಣ ಉಂಟು, ಯಕೃತ್ತನ್ನೂ ಹೃದಯವನ್ನೂ ಆಗಾಗ ನೋಡುತ್ತಿರಬೇಕು. 2024ರ ಮಳೆಗಾಲದಲ್ಲಿ ರಾಜ್ಯದಲ್ಲೆಲ್ಲ ಡೆಂಗಿ ಜೋರಾಗಿತ್ತು, ನಮ್ಮ ಊರಿನಲ್ಲಿ ಪ್ಲೇಟ್‌ಲೆಟ್ ಎಂಬುದು ಮಕ್ಕಳ ಬಾಯಲ್ಲೂ ಇತ್ತು. ಒಂದು ಬೆಳಿಗ್ಗೆ ಅಕ್ಕನಿಗೆ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂತು. ಅಕ್ಕಪಕ್ಕದವರು ಡೆಂಗಿ ಎಂದೇ ಗಟ್ಟಿಮಾಡಿ ಪಪ್ಪಾಯಿ ಎಲೆಯ ರಸ ಅರೆದು ತಂದರು. ಪ್ರೀತಿಯಿಂದ ತಂದದ್ದು, ಆದರೆ ನಾನು ಕುಡಿಯಲು ಬಿಡಲಿಲ್ಲ, ನೇರ ಮಂಗಳೂರಿಗೆ ಕರೆದುಕೊಂಡು ಹೋದೆ. ಡೆಂಗಿ ಅಲ್ಲ, ಮದ್ದಿನದ್ದೇ ಪರಿಣಾಮ. ಡೋಸನ್ನು ಮುಂದೂಡಿ, ಪ್ಲೇಟ್‌ಲೆಟ್ ಏರಿದ ಮೇಲೆ ಕಿಲೋಗೆ ಮೂರು ಮಿಲಿಗ್ರಾಂಗೆ ಇಳಿಸಿ ಕೊಟ್ಟರು. ಅಲ್ಲಿಂದ ಈಚೆಗೆ ತೊಂದರೆಯಾಗಲಿಲ್ಲ. ಕಲೆಗಳು ಇನ್ನೂ ಉಂಟು, ಬೆಳೆದಿಲ್ಲ.

ಇದಕ್ಕಿಂತಲೂ ಬಲವಾದ ಇನ್ನೊಂದು ಬಂದಿದೆ. ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್. ಪ್ರತಿಕಾಯ ಅದೇ, ಆದರೆ ಒಂದೊಂದಕ್ಕೆ ಎಂಟು ಅಣು ವಿಷ. ಕೊಂದ ಕೋಶದಿಂದ ಹೊರಬಂದು ಪಕ್ಕದ ಕೋಶಕ್ಕೂ ಅದು ತಾಗುತ್ತದೆ. ಅಕ್ಕನಂಥವರಿಗೆ ಈಗ ಮೊದಲು ಕೊಡಬೇಕಾದದ್ದು ಅದೇ ಎಂದು ಡಾಕ್ಟರೇ ಹೇಳಿದ್ದರು, ಬೆಲೆ ಕೇಳಿ ನಾವು ಹಿಂದೆ ಸರಿದೆವು. ಕೇಂದ್ರ ಸರಕಾರ 2024ರ ಜುಲೈ ಬಜೆಟ್ಟಿನಲ್ಲಿ ಅದರ ಆಮದು ಸುಂಕ ತೆಗೆಯಿತು, ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ತೆರಿಗೆಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಲು ಒಪ್ಪಿತು. ಒಳ್ಳೆಯದೇ. ಆದರೆ ಬೀಡಿ ಕಟ್ಟುವವರ ಮನೆಗೆ ಅದು ಇನ್ನೂ ಬಹಳ ದೂರ. ಆ ದೂರ ಕಡಿಮೆ ಮಾಡುವುದು ಸರಕಾರದ ಹೊಣೆ ಎಂದೇ ನನ್ನ ಅಭಿಪ್ರಾಯ.

ಆ ಹೊಸ ಮದ್ದಿನ ವಿಷ ಕ್ಯಾಂಪ್ಟೋಥೆಸಿನ್ ಕುಲದ್ದು ಎಂದು ಓದಿದಾಗ ನನಗೆ ಚಾರ್ಮಾಡಿ ಘಾಟಿಯ ಆಚೆಯ ಕಾಡು ನೆನಪಾಯಿತು. ಕ್ಯಾಂಪ್ಟೋಥೆಸಿನನ್ನು ಮೊದಲು ಕಂಡದ್ದು ಚೀನಾದ ಮರವೊಂದರಲ್ಲಿ, 1966ರಲ್ಲಿ, ವಾಲ್ ಮತ್ತು ವಾಣಿ ಎಂಬ ವಿಜ್ಞಾನಿಗಳು. ಆದರೆ ಅದು ಹೇರಳವಾಗಿ ಇರುವುದು ನಮ್ಮ ಪಶ್ಚಿಮ ಘಟ್ಟದ ನೋಥಾಪೋಡೈಟಿಸ್ ನಿಮ್ಮೋನಿಯಾನಾದಲ್ಲಿ, ಕನ್ನಡದಲ್ಲಿ ದುರ್ವಾಸನೆ ಮರ ಎಂದು ಕರೆಯುವ ಸಣ್ಣ ಮರದಲ್ಲಿ. ಹೂವಿನ ನಾತಕ್ಕೆ ಆ ಹೆಸರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದರಲ್ಲಿ ಕ್ಯಾಂಪ್ಟೋಥೆಸಿನ್ ಇರುವುದನ್ನು ವರದಿ ಮಾಡಿದ ಮೇಲೆ ರಫ್ತಿಗಾಗಿ ಕಾಡಿನಿಂದ ಕಡಿದು ಸಾಗಿಸಿದರು, ಮರ ಅಪರೂಪವಾಯಿತು. ಘಟ್ಟದ ಯಾವ ಭಾಗದ ಮರಗಳಲ್ಲಿ ಅಂಶ ಹೆಚ್ಚು ಎಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆರ್. ಉಮಾಶಂಕರ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದಾರೆ. ಹೊಸ ಮದ್ದಿಗಾಗಿ ಈಗ ಮರ ಕಡಿಯಬೇಕಾಗಿಲ್ಲ, ಆ ಅಣುವನ್ನು ಕಾರ್ಖಾನೆಯಲ್ಲೇ ಕಟ್ಟುತ್ತಾರೆ. ಆದರೂ ನಾತ ಎಂದು ಮೂಗು ಮುಚ್ಚಿಕೊಂಡು ದಾಟಿಹೋಗುವ ಮರವನ್ನು ಇನ್ನು ಮಕ್ಕಳಿಗೆ ಬೇರೆ ರೀತಿಯಲ್ಲಿ ತೋರಿಸಬೇಕು.

ಇನ್ನೊಂದು ಸಂಗತಿ ಹೇಳಲೇಬೇಕು, ಯಾಕೆಂದರೆ ಅದು ಬರೀ ಅಕ್ಕನಿಗೆ ಸಂಬಂಧಿಸಿದ್ದಲ್ಲ. 2022ರ ಜೂನ್ ತಿಂಗಳಲ್ಲಿ, ನಮ್ಮ ಮನೆಯಲ್ಲಿ ಪಕ್ಕೆನೋವಿನ ಚಿಂತೆ ಸುರುವಾದ ಹೊತ್ತಿಗೇ, ಶಿಕಾಗೋದಲ್ಲಿ ನಡೆದ ಕ್ಯಾನ್ಸರ್ ತಜ್ಞರ ಸಮ್ಮೇಳನದಲ್ಲಿ ಡಾ. ಶಾನು ಮೋದಿ ಈ ಡೆರಕ್ಸ್‌ಟೆಕಾನ್ ಮದ್ದಿನ ಫಲಿತಾಂಶ ಓದಿದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಹರ್-ಟು ಒಂದು ಪ್ಲಸ್ ಇದ್ದವರಿಗೆ, ಎರಡು ಪ್ಲಸ್ ಇದ್ದು ಫಿಶ್‌ನಲ್ಲಿ ಇಲ್ಲವೆಂದು ಬಂದವರಿಗೆ, ಅಂದರೆ ಅಲ್ಲಿಯವರೆಗೆ ನೆಗೆಟಿವ್ ಎಂದು ಬದಿಗಿಟ್ಟವರಿಗೆ, ರೋಗ ಹರಡಿದ ಮೇಲೂ ಅದು ಕೆಲಸ ಮಾಡಿತ್ತು. ಬದುಕಿನ ಮಧ್ಯಮಾವಧಿ 16.8 ತಿಂಗಳಿಂದ 23.4ಕ್ಕೆ ಏರಿತ್ತು. ಸ್ತನ ಕ್ಯಾನ್ಸರಿನವರಲ್ಲಿ ಅರ್ಧದಷ್ಟು ಮಂದಿ ಈ ಗುಂಪಿನವರು. ಹಳೆಯ ಫೈಲುಗಳಲ್ಲಿ ನೆಗೆಟಿವ್ ಎಂದು ಬರೆದದ್ದರ ಅರ್ಥವೇ ಅಂದಿನಿಂದ ಬದಲಾಗಿದೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ರಿಪೋರ್ಟಿಗೆ ಇದು ಗೊತ್ತಿರುವುದಿಲ್ಲ, ಯಾರಾದರೂ ತೆಗೆದು ಓದಬೇಕು.

ಅಕ್ಕ ಇದನ್ನು ನನಗಿಂತ ಚೆನ್ನಾಗಿ ಹಿಡಿದುಕೊಂಡಿದ್ದಾಳೆ. ಬ್ರಾಂಚಿನಲ್ಲಿ ಸಾಲಿನಲ್ಲಿ ನಿಂತ ಹೆಂಗಸರ ಹತ್ತಿರ ಅವಳು ಮೊದಲು ಕೇಳುವುದು ರಿಪೋರ್ಟಿನಲ್ಲಿ ಹರ್-ಟು ಎಷ್ಟು ಅಂತ, ಆಮೇಲೆ ಬ್ಲಾಕ್ ಎಲ್ಲುಂಟು ಅಂತ. ಕಳೆದ ವಾರ ಫೋನ್ ಮಾಡಿದಳು. ಪುಂಜಾಲಕಟ್ಟೆ ಕಡೆಯವಳೊಬ್ಬಳಿಗೆ ರೋಗ ಎಲುಬಿಗೆ ಹರಡಿದೆ, ಹಳೆಯ ರಿಪೋರ್ಟಿನಲ್ಲಿ ಒಂದು ಪ್ಲಸ್, ಪಕ್ಕದಲ್ಲಿ ನೆಗೆಟಿವ್.

“ನೀನು ಸ್ವಲ್ಪ ಅವರೊಟ್ಟಿಗೆ ಹೋಗ್ಬೇಕು ತಮ್ಮ. ಮಗ ಸಣ್ಣವ, ಡಾಕ್ಟರ ಹತ್ತಿರ ಕೇಳ್ಲಿಕ್ಕೆ ಹೆದರ್ತಾನೆ.”

“ಬ್ಲಾಕ್ ಎಲ್ಲುಂಟಂತೆ?”

“ಲ್ಯಾಬಿನಲ್ಲೇ ಉಂಟಂತೆ. ನಾನು ಕೇಳಿದ್ದೇನೆ.”

ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹೊರಡುವುದೆಂದು ಆ ಹುಡುಗನಿಗೆ ಹೇಳಿದ್ದೇನೆ. ರಿಜಿಸ್ಟರ್ ನಂಬರು ಬರೆದುಕೊಂಡು ಬಿ.ಸಿ. ರೋಡಿನಲ್ಲಿ ಕಾಯುತ್ತಾನಂತೆ.